ಹಳೆ ಲಾರಿ ಬಾಗಿಲು: ಹಗ್ಗ ಕಟ್ಟಿ ಓಡಿಸೋದು ಇನ್ನೆಷ್ಟು ದಿನ?

ದೇವಸುಗೂರು: ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ, 1,720 ಮೆಗಾವಾಟ್. ಉರಿದು ಉಳಿದ ಹಾರುಬೂದಿ ಸಿಮೆಂಟ್ ಕಾರ್ಖಾನೆಗೆ, ಇಟ್ಟಿಗೆ ಭಟ್ಟಿಗೆ ಹೋಗುವುದು ಲಾರಿ, ಬಲ್ಕರ್‌ಗಳ ಮೇಲೆ. ಇಂಥ ಬಾಡಿಗೆ ನಂಬಿದ ಹಳೆ ಗಾಡಿಗಳಲ್ಲಿ ಎಂಜಿನ್ ಗಟ್ಟಿ ಇದ್ದರೂ ಬಾಗಿಲು ಹಗ್ಗದ ಮೇಲೆ ನಿಂತಿರುತ್ತದೆ.

ಹೊಸ ಗಾಡಿ ತಗೊಳ್ಳೋಣ ಅಂದ್ರೆ ಸಣ್ಣ ಮಾಲೀಕರಿಗೆ ಸುಲಭವಿಲ್ಲ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಲಾರಿಗೆ ಎಸಿ ಕ್ಯಾಬಿನ್ ಕಡ್ಡಾಯ. ಹಳೆಯದನ್ನೇ ಇಟ್ಟುಕೊಂಡರೆ ಎಫ್‌ಸಿ ಹೊರೆ. 2025ರ ನವೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆಯಲ್ಲಿ 20 ವರ್ಷ ದಾಟಿದ ಲಾರಿಯ ಫಿಟ್ನೆಸ್ ಶುಲ್ಕ 2,500ರಿಂದ 25,000 ರೂಪಾಯಿಗೆ ಏರಿದೆ. ಅಷ್ಟು ಕಟ್ಟಿ ಕನ್ನಡಿ, ಗಾಜಿನಂಥ ಸಣ್ಣ ವಿಷಯಕ್ಕೆ ಫೇಲ್ ಆಗೋದು ಯಾರಿಗೂ ಬೇಡ. ಬಾಗಿಲು ಜೋತುಬಿದ್ದರೆ ಅದಕ್ಕೆ ಕೂರಿಸಿದ ಕನ್ನಡಿಯೂ ದಿಕ್ಕು ತಪ್ಪುತ್ತದೆ.

ಸಮಾಧಾನದ ಸಂಗತಿಯೂ ಒಂದಿದೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 18 ಪರ್ಸೆಂಟ್. ಮೊದಲು 28 ಇದ್ದ ಸಾಮಾನಿಗೆ, ಮೂಲ ಬೆಲೆ 1,000 ಇದ್ದರೆ 1,280ರ ಬದಲು 1,180. ಹಳೆ ಸ್ಟಾಕ್ ಅಂತ ಹಳೆ ತೆರಿಗೆ ಹಾಕಿದರೆ ಗಿರಾಕಿ ಕೇಳಲೇಬೇಕು. ಬಿಲ್ ಕೊಡುವ ಅಂಗಡಿಯವರಿಗೂ ಇದರಲ್ಲಿ ನಷ್ಟವಿಲ್ಲ.

ಆದರೆ ಅಂಗಡಿಗೆ ಹೋಗಿ "ಟಾಟಾ ಬಾಗಿಲು ಕೊಡ್ರಿ" ಅಂದ್ರೆ ಸಾಲದು. ಹಳೆ ಲಾರಿಗಳಲ್ಲಿ ಎಷ್ಟೋ ಬರೀ ಚಾಸಿಯಾಗಿ ಬಂದವು, ಕ್ಯಾಬಿನ್ ಕಟ್ಟಿದ್ದು ಬಾಡಿ ಬಿಲ್ಡರ್. ಅಂಥ ಗಾಡಿಗೆ ಕಂಪನಿ ಡೋರ್ ಕೂರುವುದೇ ಇಲ್ಲ, ಅಳತೆ ಕೊಟ್ಟು ಮಾಡಿಸಬೇಕು. ಕಂಪನಿ ಕ್ಯಾಬಿನ್ ಆಗಿದ್ದರೆ ಮಾಡೆಲ್, ಇಸವಿ, ಚಾಸಿ ನಂಬರ್ ಹೇಳಿ ತರಬೇಕು. ಗುಜರಿಯ ತಗಡಿನ ಬಾಗಿಲು ತುಕ್ಕಿಲ್ಲದಿದ್ದರೆ ತಪ್ಪೇನಿಲ್ಲ. ಲಾಕ್ ಮತ್ತು ಕಬ್ಜಾ ಮಾತ್ರ ಹೊಸವೇ ಇರಲಿ, ಸವೆದ ಲಾಕ್ ತಿರುವಿನಲ್ಲಿ ಬಿಚ್ಚಿಕೊಂಡರೆ ಡ್ರೈವರ್ ಹೊರಗೆ ಬೀಳುತ್ತಾನೆ. ಗಾಜು ಹಾಕಿಸುವಾಗ ಮೂಲೆಯಲ್ಲಿ ಐಎಸ್‌ಐ ಗುರುತು ನೋಡಬೇಕು. ಕಿಟಕಿಗೆ ಹಾಕುವ ಸಾದಾ ಗಾಜು ಒಡೆದರೆ ಚಾಕು ಇದ್ದಂಗೆ.

ಬಹಳ ಸಲ ಪೂರ್ತಿ ಬಾಗಿಲು ಬದಲಿಸುವ ಅಗತ್ಯವೇ ಇರುವುದಿಲ್ಲ. ಅರ್ಧ ತೆರೆದು ತುದಿ ಹಿಡಿದು ಮೇಲಕ್ಕೆತ್ತಿ ನೋಡಿದರೆ ಗೊತ್ತಾಗುತ್ತದೆ. ಕಬ್ಜಾದಲ್ಲೇ ಆಟ ಇದ್ದರೆ ಪಿನ್, ಬುಷ್ ಸಾಕು. ಕಬ್ಜಾ ಗಟ್ಟಿ ಇದ್ದು, ಅದು ಕೂತ ಕಂಬವೇ ಅಲುಗಾಡಿದರೆ ಮೊದಲು ವೆಲ್ಡಿಂಗ್. ಇದನ್ನು ಬಿಟ್ಟು ಹೊಸ ಬಾಗಿಲು ಹಾಕಿದರೆ ಅದೂ ಜೋತುಬೀಳುತ್ತದೆ.

ಕೂರಿಸುವ ಕ್ರಮದಲ್ಲೇ ಅರ್ಧ ಕೆಲಸ. ಬಾಗಿಲ ಕೆಳಗೆ ಜಾಕ್, ಅದರ ಮೇಲೆ ಕಟ್ಟಿಗೆ ಕೊಟ್ಟು, ಹಳೆ ಕಬ್ಜಾದ ಸುತ್ತ ಗೆರೆ ಎಳೆದ ಮೇಲೇ ಬೋಲ್ಟ್ ಬಿಚ್ಚಬೇಕು. ಹೊಸದನ್ನು ಮೊದಲು ಸಡಿಲವಾಗಿ ಕಟ್ಟಿ, ನಿಧಾನ ಮುಚ್ಚಿ, ಸುತ್ತಲೂ ಸಂದು ಸಮ ಬಂತಾ ನೋಡಿ ಬಿಗಿ ಮಾಡಬೇಕು. ಆಮೇಲೆ ಲಾಕ್. ರಬ್ಬರ್ ಕೊನೆಗೆ. ರಬ್ಬರ್ ಹಾಕಿದ ಮೇಲೆ ಲಾಕ್ ಮತ್ತೊಮ್ಮೆ ಹೊಂದಿಸದಿದ್ದರೆ ಡ್ರೈವರ್ ಧಡಾರನೆ ಬಡಿದು ಮುಚ್ಚುತ್ತಾನೆ, ಹೊಸ ಲಾಕ್ ಬೇಗ ಹಾಳಾಗುತ್ತದೆ.

ದೇವಸುಗೂರಿನಲ್ಲಿ ರಬ್ಬರ್ ಬರೀ ಮಳೆ ತಡೆಯಲಿಕ್ಕಲ್ಲ. ಹಾರುಬೂದಿಯ ಸಣ್ಣ ಕಣ ಸಂದಿನಿಂದ ನುಗ್ಗಿದರೆ ಡ್ರೈವರ್, ಕ್ಲೀನರ್ ಇಬ್ಬರ ಎದೆಗೂ ಹೋಗುತ್ತದೆ. ಸಂದಿನಲ್ಲಿ ಹಾಳೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿ ಬೂದಿಗೂ ದಾರಿ ಇದೆ ಅಂತಲೇ. ಬಾಗಿಲ ತಳದಲ್ಲಿ ನೀರು ಇಳಿಯುವ ತೂತುಗಳಿರುತ್ತವೆ. ಬೂದಿ, ನೀರು ಸೇರಿ ಅಲ್ಲಿ ಗಟ್ಟಿಯಾಗಿ ಕೂತು ತಗಡು ಒಳಗಿಂದ ತುಕ್ಕು ತಿನ್ನುತ್ತದೆ. ವಾರಕ್ಕೊಮ್ಮೆ ಒಂದು ತಂತಿ ಹಾಕಿ ಬಿಡಿಸಿದರೆ ಸಾಕು, ಅದಕ್ಕೆ ಗ್ಯಾರೇಜೂ ಬೇಡ.