ಮನೆಯೇ ಕಚೇರಿಯಾದಾಗ

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಲಾಕ್‌ಡೌನ್ ಜಾರಿಯಾದಾಗ, ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿದ್ದ ನಮ್ಮ ಅನೇಕ ಯುವಕ ಯುವತಿಯರು ಲ್ಯಾಪ್‌ಟಾಪ್ ಹಿಡಿದು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟದ ಮನೆಗಳಿಗೆ ಮರಳಿದರು. ಹಬ್ಬಕ್ಕಷ್ಟೇ ಬರುತ್ತಿದ್ದ ಮಕ್ಕಳು ದಿನವೂ ಊಟಕ್ಕೆ ಜೊತೆಗಿದ್ದುದು ಹೆತ್ತವರಿಗೆ ಸಂತಸ ತಂದಿತು. ಬಳಿಕ ಕಂಪನಿಗಳು ಹಂತಹಂತವಾಗಿ ನೌಕರರನ್ನು ಮರಳಿ ಕರೆದವು. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದು ದಿನ ಕಚೇರಿಗೆ ಬರಬೇಕೆಂದಿತು. ಆದರೂ ಮನೆಯಿಂದಲೇ ದುಡಿಯುವವರು ಇಂದಿಗೂ ಇದ್ದಾರೆ. ಇದು ಕಿರಿಯರಿಗೆ ನಿಜಕ್ಕೂ ಹಿತವೇ?

ಮನೆಯಲ್ಲಿ ಕುಳಿತವರು ಸೋಮಾರಿಗಳಾಗುತ್ತಾರೆಂಬ ಆರೋಪದಲ್ಲಿ ಹುರುಳಿಲ್ಲ. ಚೀನಾದ ಟ್ರಿಪ್ ಡಾಟ್ ಕಾಮ್ ಕಂಪನಿಯ ಸುಮಾರು 1,600 ನೌಕರರ ಅಧ್ಯಯನವೊಂದು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಕೆಲಸ ಕುಗ್ಗಲಿಲ್ಲ. ಕೆಲಸ ಬಿಡುವವರ ಪ್ರಮಾಣ ಮೂರನೆಯ ಒಂದು ಭಾಗದಷ್ಟು ಇಳಿಯಿತು.

ಆದರೆ ಹೊಸಬರ ಮಾತು ಬೇರೆ. ಅಮೆರಿಕದ ಸಾಫ್ಟ್‌ವೇರ್ ಇಂಜಿನಿಯರುಗಳನ್ನು ಕುರಿತ ಮತ್ತೊಂದು ಅಧ್ಯಯನದ ಪ್ರಕಾರ, ಸಹೋದ್ಯೋಗಿಗಳ ಬಳಿ ಕುಳಿತವರಿಗೆ ತಮ್ಮ ಕೆಲಸದ ಬಗ್ಗೆ ಹೆಚ್ಚು ತಿದ್ದುಪಡಿ, ಸಲಹೆ ದೊರೆಯುತ್ತಿತ್ತು. ದೂರವಾದಾಗ ಹೆಚ್ಚು ಕಳೆದುಕೊಂಡವರು ಕಿರಿಯರು, ಅದರಲ್ಲೂ ಯುವತಿಯರು. ಇದು ನಮಗೆ ಅಪರಿಚಿತ ಸತ್ಯವಲ್ಲ. ತೋಟದಲ್ಲಿ ಮರಗಸಿಯನ್ನು ಯಾರೂ ಪುಸ್ತಕ ಓದಿ ಕಲಿಯುವುದಿಲ್ಲ. ಅನುಭವಿಯ ಪಕ್ಕದಲ್ಲಿ ನಿಂತೇ ಕಲಿಯುತ್ತಾರೆ. ಪಕ್ಕದ ಮೇಜಿನವರನ್ನು ಸುಲಭವಾಗಿ ಕೇಳಬಹುದಾದ ಸಂದೇಹವನ್ನು ಬರೆದು ಕಳಿಸಲು ಹೊಸಬನು ಹಿಂಜರಿಯುತ್ತಾನೆ. ಹೀಗೆ ಉಳಿದ ಸಂದೇಹಗಳೇ ಮುಂದೆ ಅವನ ಆಸಕ್ತಿಯನ್ನು ಕುಂದಿಸುತ್ತವೆ.

ಇನ್ನೊಂದು ತೊಡಕು ಹೊತ್ತಿನದು. ಮಳೆಗಾಲದಲ್ಲಿ ವಿದ್ಯುತ್ತು, ನೆಟ್‌ವರ್ಕ್ ಕೈಕೊಟ್ಟರೆ ಹಗಲಿನ ಕೆಲಸ ರಾತ್ರಿಗೆ ಉಳಿಯುತ್ತದೆ. ಮಗ ಮನೆಯಲ್ಲೇ ಇದ್ದಾನಲ್ಲ ಎಂದು ನಾವೂ ಅವನನ್ನು ಪೇಟೆಗೆ, ಬ್ಯಾಂಕಿಗೆ ಕಳಿಸುತ್ತೇವೆ; ಮಗಳಾದರೆ ಅಡುಗೆಮನೆಯೂ ಅವಳ ಪಾಲಿಗೆ. ಕೊನೆಗೆ ಭಾನುವಾರದ ಬಲಿಪೂಜೆಯ ಹೊತ್ತಿಗೂ ಫೋನು ಕರೆಯುತ್ತದೆ. ಆಸ್ಟ್ರೇಲಿಯಾ 2024ರ ಆಗಸ್ಟ್‌ನಲ್ಲಿ, ಕೆಲಸದ ವೇಳೆಯ ಆಚೆಗಿನ ಅನಗತ್ಯ ಕರೆಗಳಿಗೆ ಉತ್ತರಿಸದಿರುವ ಹಕ್ಕನ್ನು ನೌಕರರಿಗೆ ನೀಡಿತು. ಅಂಥ ರಕ್ಷಣೆ ನಮ್ಮ ಮಕ್ಕಳಿಗೂ ಅಗತ್ಯ.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ: ಉದ್ಯೋಗದ ಮೊದಲ ಒಂದೆರಡು ವರ್ಷ, ಸಾಧ್ಯವಿದ್ದರೆ, ಮಕ್ಕಳನ್ನು ಕಚೇರಿಗೆ ಕಳಿಸಿಕೊಡಿ, ಮಮತೆಯಿಂದ ತಡೆಯದಿರಿ. ಮನೆಯಿಂದ ದುಡಿಯುವವರಿಗೆ ಒಂದು ಕೋಣೆಯನ್ನೂ ಅಡ್ಡಿಯಿಲ್ಲದ ಹೊತ್ತನ್ನೂ ಬಿಟ್ಟುಕೊಡಿ. ಯುವಜನರೇ, ಸಂಜೆಯ ಪ್ರಾರ್ಥನೆಗೂ ಊಟಕ್ಕೂ ಲ್ಯಾಪ್‌ಟಾಪ್ ಮುಚ್ಚಿ ಬನ್ನಿ. ಮನೆಯಲ್ಲಿದ್ದೂ ಮನೆಯವರಿಗೆ ಸಿಗದಿದ್ದರೆ ಊರಿಗೆ ಮರಳಿದ ಸಾರ್ಥಕತೆಯಾದರೂ ಏನು?