ಕಿರುಗುಟ್ಟುವ ಚಾವಣಿ

ಎತ್ತಿನ ಗಾಡಿಯ ಗಾಲಿ ಕಿರುಗುಟ್ಟಿದರೆ ಕೀಲೆಣ್ಣೆ ಹಾಕಬೇಕೆಂಬುದು ನಮ್ಮಲ್ಲಿ ಎಳೆಯರೂ ಬಲ್ಲ ಮಾತು. ಕಾರಿನ ಚಾವಣಿಯೇ ಕಿರುಗುಟ್ಟಿದರೆ? ಜರ್ಮನಿಯಲ್ಲಿ ನೆಲಸಿರುವ ನನ್ನ ಮಿತ್ರರೊಬ್ಬರು ರಜೆಗೆಂದು ಊರಿಗೆ ಬಂದಾಗ ಹೇಳಿದ ಕಥೆಯಿದು.

ಕಳಚಿಡಬಹುದಾದ ಚಾವಣಿ ಆ ನಾಡಿಗೆ ಹೊಸದಲ್ಲ. 1965ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಪೋರ್ಷೆ ಸಂಸ್ಥೆಯು ‘ಟಾರ್ಗಾ’ ಎಂಬ ಮಾದರಿಯನ್ನು ಜನರ ಮುಂದಿರಿಸಿತು. ಸಿಸಿಲಿಯಲ್ಲಿ 1906ರಲ್ಲಿ ಮೊದಲಾದ ಟಾರ್ಗಾ ಫ್ಲೋರಿಯೊ ಪಂದ್ಯವೇ ಆ ಹೆಸರಿನ ಮೂಲ. ತಲೆಯ ಮೇಲಿನ ಫಲಕವನ್ನು ತೆಗೆದರೆ ಆಕಾಶದರ್ಶನ. ಹಿಂಬದಿಯ ಅಗಲವಾದ ಕಮಾನು ಮಾತ್ರ ರಕ್ಷಣೆಗಾಗಿ ನಿಂತೇ ಇರುತ್ತದೆ.

ಮಿತ್ರರದು ಬೇರೊಂದು ಸಂಸ್ಥೆಯ ಹಳೆಯ ಕಾರು, ಚಾವಣಿಯೇನೋ ಕಳಚುವಂಥದೇ. ಬೆಸೆದ ಚಾವಣಿ ಕಾರಿನ ಒಡಲನ್ನು ಬಿಗಿಯಾಗಿ ಹಿಡಿದಿಡುತ್ತದೆ. ಅದಿಲ್ಲದ ಒಡಲು ಹಳ್ಳದಿಣ್ಣೆಗಳಲ್ಲಿ ತುಸುವೇ ತಿರುಚಿಕೊಳ್ಳುತ್ತದೆ. ಆಗ ಅಂಚಿನ ಒಣ ರಬ್ಬರು ಒಮ್ಮೆ ಅಂಟುತ್ತದೆ, ಒಮ್ಮೆ ಜಾರುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ. ರಾಗವೊಂದು ಇಲ್ಲಿಲ್ಲ, ಅಷ್ಟೆ!

ಸದ್ದು ತಾಳಲಾರದೆ ಮಿತ್ರರು ಚಿಲಕಗಳನ್ನು ಬಲವಾಗಿ ಬಿಗಿದರು. ರಬ್ಬರು ನಜ್ಜುಗುಜ್ಜಾಗಿ ಮಳೆನೀರು ಮಡಿಲಿಗೆ ಸುರಿಯಿತು. ಬಳಿಕ ಊರಿನ ಕೀಲೆಣ್ಣೆ ನೆನಪಾಗಿ ಯಂತ್ರಕ್ಕೆ ಹಾಕುವ ಜಿಡ್ಡನ್ನು ಬಳಿದರು. ಇಂಥ ರಬ್ಬರಿಗೆ ಖನಿಜ ತೈಲ ಶತ್ರು. ಅದು ಉಬ್ಬಿ ಮೆತ್ತಗಾಯಿತು. ಗಾಡಿಯ ಬುದ್ಧಿ ಇಲ್ಲಿ ನಡೆಯಲಿಲ್ಲ.

ಕೊನೆಗೆ ಹೊಸ ರಬ್ಬರು ಹಾಕಿಸಿ, ಸರಿಯಾದ ಕ್ರಮವನ್ನು ಹಿಡಿದರು. ರಬ್ಬರನ್ನೂ ಅದು ತಾಗುವ ಅಂಚನ್ನೂ ಸಾಬೂನುನೀರಿನಿಂದ ತೊಳೆದು ಒಣಗಿಸುವುದು. ಸಿಲಿಕೋನ್ ಗ್ರೀಸನ್ನು ಬೆರಳಿನಿಂದ ತೆಳುವಾಗಿ ಸವರುವುದು. ಕಾಗದದ ಪಟ್ಟಿಯನ್ನು ಅಂಚಿನಲ್ಲಿ ಸಿಕ್ಕಿಸಿ ಚಾವಣಿ ಮುಚ್ಚಿ ಮೆಲ್ಲನೆ ಎಳೆಯುವುದು. ಪಟ್ಟಿ ಸಡಿಲವಾಗಿ ಬಂದಲ್ಲಿ ಹಿಡಿತ ಸಾಲದೆಂದು ಅರ್ಥ.

ಆದರೂ ಎಡಮೂಲೆಯಲ್ಲಿ ‘ಟಕ್’ ಎಂಬ ಸದ್ದೊಂದು ಉಳಿಯಿತು. ಮಡದಿ ಕಾರನ್ನು ನಿಧಾನವಾಗಿ ಓಡಿಸುತ್ತಿರಲು ಮಿತ್ರರು ಪಕ್ಕದಲ್ಲಿ ಕುಳಿತು ಚಾವಣಿಯನ್ನು ಅಂಗೈಯಿಂದ ಒತ್ತುತ್ತ ಹೋದರು. ಒಂದೆಡೆ ಒತ್ತಿದೊಡನೆ ಸದ್ದಡಗಿತು. ಬಿಚ್ಚಿ ನೋಡಿದರೆ, ಮುಂದಿನ ಚಿಲಕದ ಬೋಲ್ಟು ಕಳಚುವುದರಲ್ಲಿತ್ತು! ವೇಗವಾಗಿ ಹೋಗುವಾಗ ಗಾಳಿ ಚಾವಣಿಯನ್ನು ಮೇಲಕ್ಕೆ ಸೆಳೆಯುತ್ತದೆ. ಹೆದ್ದಾರಿಯಲ್ಲಿ ಅದು ಹಾರಿ ಹಿಂದಿನವರ ಮೇಲೆರಗಿದ್ದರೆ ಗತಿಯೇನು?

“ಅಷ್ಟು ದಿನ ಅದರ ಬಾಯಿ ಮುಚ್ಚಿಸಲು ಹೆಣಗಿದೆ, ಏನು ಹೇಳುತ್ತಿದೆಯೆಂದು ಕೇಳಲೇ ಇಲ್ಲ” ಎಂದರು ಮಿತ್ರರು. ಪಕ್ಕದಲ್ಲಿದ್ದ ಅವರ ಮಡದಿ ಮುಗುಳ್ನಕ್ಕು, “ಈ ಮಾತು ಚಾವಣಿಗೆ ಮಾತ್ರವೇ?” ಎಂದರು. ಅದಕ್ಕೆ ಉತ್ತರವನ್ನು ಮಿತ್ರರೂ ಕೊಡಲಿಲ್ಲ, ನಾನೂ ಕೊಡಲಾರೆ.