ಬಯಲುಸೀಮೆಗೆ ಬಂದ ಕಡಲ ಮೀನು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೂ ಸಮುದ್ರಕ್ಕೂ ನಡುವೆ ಸಹ್ಯಾದ್ರಿಯೇ ನಿಂತಿದೆ. ಇಲ್ಲಿನವರಿಗೆ ಮೀನೆಂದರೆ ಸೂಳೆಕೆರೆಯ ಕಾಟ್ಲಾ, ರೋಹು. ಇಲ್ಲವೆ ತುಂಗಭದ್ರೆಯ ಮೀನು. ಮಳೆ ಕೈಕೊಟ್ಟ ವರ್ಷ ಜಗಳೂರಿನ ಕಡೆ ಕೆರೆಯ ಮೀನೂ ದುರ್ಲಭ. ಹೀಗಿರಲು, ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿಗಳ ಜೊತೆಗೆ ಕರಾವಳಿಯವರು ಕೇದರ್ ಎನ್ನುವ ಟ್ಯೂನಾ ಮೀನೂ ನಮ್ಮ ಸಂತೆಗೆ ಬಂದರೆ ಅದನ್ನು ನಾನು ಸ್ವಾಗತಿಸುವವನೇ. ಆದರೆ ಅದಕ್ಕೊಂದು ಷರತ್ತುಂಟು.

ರುಚಿಯಲ್ಲಿ ಈ ಮೀನಿಗೆ ಕೊರತೆಯಿಲ್ಲ. ಮಾಂಸ ಕೆಂಪು, ಗಟ್ಟಿ. ಒಣಮೆಣಸಿನಕಾಯಿ, ಕೊತ್ತಂಬರಿ, ತೆಂಗಿನಕಾಯಿ ಅರೆದು, ಹುಣಿಸೆಯ ಹುಳಿ ಬೆರೆಸಿ ಕುದಿಸಿದರೂ ತುಂಡು ಒಡೆಯುವುದಿಲ್ಲ. ಕರಾವಳಿಯಲ್ಲಿ ಅನ್ನಕ್ಕೆ ಒಗ್ಗಿದ ಆ ಸಾರು ನಮ್ಮ ಮುದ್ದೆಗೂ ರೊಟ್ಟಿಗೂ ಚೆನ್ನಾಗಿಯೇ ಹೊಂದುತ್ತದೆ.

ಕೇಡು ಹುಟ್ಟುವುದು ದಾರಿಯಲ್ಲಿ. ಟ್ಯೂನಾದ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೇರಳವಾಗಿದೆ. ಮಂಜುಗಡ್ಡೆ ಕರಗಿ ಮೀನು ಬೆಚ್ಚಗಾಯಿತೆಂದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಹುಟ್ಟಿದ ಈ ವಿಷ ಕುದಿಸಿದರೂ ಹೋಗದು, ಹುರಿದರೂ ಹೋಗದು. ಎಷ್ಟೋ ವೇಳೆ ಕಣ್ಣಿಗೂ ಮೂಗಿಗೂ ಸುಳಿವು ಕೊಡದು. ಹಿಂದೊಮ್ಮೆ ಸಂತೆಯಿಂದ ಇಳಿಹೊತ್ತಿನಲ್ಲಿ ತಂದ ಮೀನನ್ನು ಉಂಡು ಅರ್ಧ ಗಂಟೆಯಾಗುವುದರೊಳಗೆ ನನ್ನ ಮುಖ ಕೆಂಪೇರಿತು, ನಾಲಗೆ ಉರಿಯಿತು, ತಲೆ ಸಿಡಿಯತೊಡಗಿತು. ಖಾರ ಹೆಚ್ಚಾಯಿತೆಂದು ಮನೆಯವರು ತಮ್ಮನ್ನೇ ಹಳಿದುಕೊಂಡರು. ಅಡುಗೆಯ ತಪ್ಪು ಏನೂ ಇರಲಿಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ತಿಳಿದದ್ದು.

ಮಂಜುಗಡ್ಡೆಯಿಲ್ಲದ ಕಾಲದಲ್ಲಿ ಲಕ್ಷದ್ವೀಪದವರು ಇದಕ್ಕೆ ತಮ್ಮದೇ ಉಪಾಯವನ್ನು ಕಂಡುಕೊಂಡಿದ್ದರು. ಆ ದ್ವೀಪಗಳಲ್ಲಿ ಅಮಿನಿ, ಕಡಮತ್ ಮೊದಲಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ತಾಜಾ ಟ್ಯೂನಾವನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೆ ಒಣಗಿಸಿದ ‘ಮಾಸ್ ಮೀನ್’ ಅಲ್ಲಿ ಇಂದಿಗೂ ತಯಾರಾಗುತ್ತದೆ. ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ.

ಹಸಿ ಮೀನಿಗೆ ತಣ್ಣನೆಯ ಪೆಟ್ಟಿಗೆಯೊಂದೇ ದಾರಿ. ಕೇಂದ್ರ ಸರ್ಕಾರದ 2020ರ ಮತ್ಸ್ಯ ಸಂಪದ ಯೋಜನೆಯಲ್ಲಿ ಶೈತ್ಯಾಗಾರಕ್ಕೂ, ಮಂಜುಗಡ್ಡೆಯ ಪೆಟ್ಟಿಗೆಯುಳ್ಳ ವಾಹನಗಳಿಗೂ ನೆರವುಂಟು. ಆ ನೆರವು ಬಂದರುಗಳಲ್ಲಿಯೇ ನಿಲ್ಲದೆ, ಮೀನು ಕೊನೆಯದಾಗಿ ಕೈಬದಲಾಯಿಸುವ ಜಗಳೂರಿನಂಥ ಊರಿನ ಸಂತೆಯವರೆಗೂ ಬರಬೇಕು. ದಿನದ ಕೂಲಿ ಮುಗಿಸಿ, ಬೆಲೆ ಇಳಿದ ಸಂಜೆಯ ಹೊತ್ತಿನಲ್ಲಿ ಮೀನು ಕೊಳ್ಳುವವನ ಪಾಲಿಗೇ ಹೆಚ್ಚು ಹೊತ್ತು ಬಿಸಿಲುಂಡ ಮೀನು ಬೀಳುತ್ತದೆ. ಅಲ್ಲಿಯವರೆಗೆ, ಗಿರಾಕಿಯು ಬೆಲೆಯನ್ನು ಕೇಳುವ ಮೊದಲು ಮಂಜುಗಡ್ಡೆಯನ್ನು ನೋಡಲಿ. ಅದಿಲ್ಲದಿದ್ದರೆ ಸೂಳೆಕೆರೆಯ ತಾಜಾ ಕಾಟ್ಲಾವನ್ನೇ ಕೊಂಡು ಮನೆಗೆ ಹೋಗಲಿ.